ಏಳನೇ ಕೊಳವೆ, ನನ್ನ ಬರಿಗೈ

ರಾತ್ರಿ ಎರಡೂವರೆಗೆ ಏಳನೇ ಕೊಳವೆಯ ಅಲಾರಂ ಹೊಡೆಯಿತು. ಅಮೋನಿಯಾ 6 ಪಿಪಿಬಿ. ನಮ್ಮ ಮಿತಿ 2.

ಸಿಂಗಪುರದ ಒಂದು ಚಿಪ್ ಕಾರ್ಖಾನೆಗೆ ನಾನು ಸೇರಿ ಆಗ ನಾಲ್ಕು ತಿಂಗಳು. ಲಿಥೋ, ಅಂದರೆ ಬೆಳಕಿನಿಂದ ಚಿಪ್‌ನ ವಿನ್ಯಾಸ ಮೂಡಿಸುವ ವಿಭಾಗದ ಹದಿನಾರು ಜಾಗಗಳಿಂದ ಸಣ್ಣ ಟೆಫ್ಲಾನ್ ಕೊಳವೆಗಳು ಬಂದು ಒಂದೇ ಯಂತ್ರಕ್ಕೆ ಸೇರುತ್ತಿದ್ದವು. ಯಂತ್ರ ಸರದಿಯಂತೆ ಒಂದೊಂದರ ಗಾಳಿ ಎಳೆದು, ಲೇಸರ್ ಹಾಯಿಸಿ ಅಳೆಯುತ್ತಿತ್ತು. 1 ಪಿಪಿಬಿ ಅಂದರೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಒಂದು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಮನೆಯ ಕೊಟ್ಟಿಗೆಯ ಗಂಜಲದ ಘಾಟಿನಲ್ಲೇ ಬೆಳೆದವನು ನಾನು. ಆದರೆ ಆ ಮೂಗು ಇಲ್ಲಿ ಕೆಲಸಕ್ಕೆ ಬರಲ್ಲ. ಮೂಗಿಗೆ ತಿಳಿಯಬೇಕಾದರೆ ಇದರ ನೂರಾರು ಪಟ್ಟು ಬೇಕು.

ಇಷ್ಟಕ್ಕೇ ಯಾಕೆ ಗಾಬರಿ ಅಂದರೆ, ಚಾವಣಿಯ ಫಿಲ್ಟರ್‌ಗಳು ತಡೆಯುವುದು ದೂಳನ್ನು. ಅನಿಲ ಅದರೊಳಗೆ ಆರಾಮಾಗಿ ನುಸುಳುತ್ತದೆ. ವೇಫರ್ ಅಂದರೆ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ. ಅದರ ಮೇಲೆ ಬಳಿದ ರೆಸಿಸ್ಟ್ ಎಂಬ ಲೇಪದಲ್ಲಿ ಬೆಳಕು ಬಿದ್ದ ಕಡೆ ಒಂಚೂರು ಆಮ್ಲ ಹುಟ್ಟುತ್ತದೆ. ಆಮೇಲೆ ಬಿಸಿ ಮಾಡಿದಾಗ, ಆ ಆಮ್ಲವೇ ಅಷ್ಟು ಭಾಗವನ್ನು ತೊಳೆದರೆ ಹೋಗುವಂತೆ ಮಾಡುತ್ತದೆ. ನಡುವೆ ಕ್ಷಾರವಾದ ಅಮೋನಿಯಾ ಬಂತೋ, ಮೇಲ್ಪದರದ ಆಮ್ಲ ಸತ್ತಂತೆ. ಕೆಳಗೆ ಕರಗುತ್ತದೆ, ಮೇಲೆ ಕರಗಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೆರೆಗಳಿಗೆಲ್ಲ ಅಣಬೆಯ ಹಾಗೆ ದಪ್ಪ ತಲೆ. 1980ರ ದಶಕದಲ್ಲಿ ಈ ಬಗೆಯ ರೆಸಿಸ್ಟನ್ನು ರೂಪಿಸಿದ ಐಬಿಎಂನವರನ್ನೂ ಗಾಳಿಯ ಇಂಥದೇ ಕ್ಷಾರ ಕಾಡಿತ್ತು.

ಯಂತ್ರ ಹೇಳಿದ್ದನ್ನು ಖಾತ್ರಿ ಮಾಡಿಕೊಳ್ಳಲು ಬಬ್ಲರ್ ಇಡಬೇಕು. ಬಾಟಲಿಯಲ್ಲಿ ಅತಿ ಶುದ್ಧ ನೀರು, ಅದರೊಳಗೆ ನಾಲ್ಕು ಗಂಟೆ ಗುಳುಗುಳು ಗಾಳಿ, ಆಮೇಲೆ ಆ ನೀರಿನ ಪರೀಕ್ಷೆ. ಐದು ಕಡೆ ಇಟ್ಟೆ. ಬೆಳಿಗ್ಗೆ ಫಲಿತಾಂಶ ಬಂತು. ಐದರಲ್ಲೂ ಜಾಸ್ತಿ! ಇಡೀ ವಿಭಾಗವೇ ಕೆಟ್ಟಿದೆ ಎಂದು ಮೇಲ್ ಬರೆಯಲು ಕೂತೆ.

ನಮ್ಮ ಹಿರಿಯರು ಮಲೇಷ್ಯಾದ ಪೆನಾಂಗ್ ಕಡೆಯ ತಮಿಳು ಹೆಂಗಸು. ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಅವರು ಹಾಳೆ ತೆಗೆದುಕೊಂಡು ನೇರವಾಗಿ ಕೊನೆಯ ಸಾಲಿಗೆ ಬೆರಳಿಟ್ಟರು.

"ಬ್ಲ್ಯಾಂಕ್ ನೋಡಿದೆಯೇನಪ್ಪ?"

ಬ್ಲ್ಯಾಂಕ್ ಅಂದರೆ ಗಾಳಿ ಹಾಯಿಸದೆ, ಸುಮ್ನೆ ಜೊತೆಗೆ ಒಯ್ದು ತರುವ ಬಾಟಲಿ. ಅದರಲ್ಲೂ ಅಮೋನಿಯಂ, ಅಂದರೆ ನೀರಿಗೆ ಸೇರಿದ ಅಮೋನಿಯಾ, ಇತ್ತು. ಗಾಳಿಯನ್ನೇ ಕಾಣದ ನೀರಿಗೆ ಅದು ಎಲ್ಲಿಂದ ಬರಬೇಕು? ರಾತ್ರಿಯ ಗಡಿಬಿಡಿಯಲ್ಲಿ ಗ್ಲೌಸ್ ಹಾಕದೆ ನೀರು ತುಂಬಿದ್ದೆ. ಬಾಟಲಿಗಳ ಬಾಯಿಯನ್ನು ಬೆವರಿದ ಬರಿಗೈಯಲ್ಲಿ ಹಿಡಿದಿದ್ದೆ. ಮುಚ್ಚಳಗಳನ್ನೂ ಅಷ್ಟೆ. ಅಕ್ಕ ಬೈಯಲಿಲ್ಲ. "ಲಾಗ್‌ನಲ್ಲಿ ಬರಿ," ಅಂದರು. ಬೈದಿದ್ದರೇ ವಾಸಿಯಿತ್ತು.

ಮತ್ತೆ ಎಲ್ಲ ಮಾಡಿದೆವು, ಈ ಸಲ ಗ್ಲೌಸ್ ಮೇಲೆ ಗ್ಲೌಸ್. ಬ್ಲ್ಯಾಂಕ್ ಸ್ವಚ್ಛ. ನಾಲ್ಕು ಕಡೆ ಏನೂ ಇಲ್ಲ, ಏಳನೇ ಕೊಳವೆಯ ಹತ್ತಿರ ಮಾತ್ರ ಅಮೋನಿಯಾ ನಿಜವಾಗಿಯೂ ಇತ್ತು. ಅಕ್ಕ ಅಲ್ಲೇ ಇನ್ನೊಂದು ಬಗೆಯ, ಆವಿ ಹೀರುವ ಟ್ಯೂಬನ್ನೂ ಇಡಿಸಿದ್ದರು. ಅದರಲ್ಲಿ ಟ್ರೈಮೀಥೈಲ್‌ಸಿಲನಾಲ್ ಎಂಬ ರಾಸಾಯನಿಕ ಸಿಕ್ಕಿತು. ಅದನ್ನು ನೋಡಿದ್ದೇ ಅವರ ಮುಖ ಅರಳಿತು. ರೆಸಿಸ್ಟ್ ಅಂಟಲಿ ಎಂದು ವೇಫರಿಗೆ ಮೊದಲು ಎಚ್‌ಎಂಡಿಎಸ್ ಎಂಬ ರಾಸಾಯನಿಕದ ಆವಿ ಹಿಡಿಸುತ್ತಾರೆ. ತೇವ ತಾಗಿದರೆ ಅದು ಒಡೆದು ಅಮೋನಿಯಾ, ಈ ಸಿಲನಾಲ್ ಎರಡೂ ಆಗುತ್ತದೆ. "ಅಮೋನಿಯಾ ಒಂದೇ ಇದ್ದರೆ ಮನುಷ್ಯರ ಮೇಲೂ ಅನುಮಾನ ಬರುತ್ತೆ. ಇವೆರಡೂ ಜೋಡಿಯಾಗಿ ಬಂದಿವೆ, ಅಲ್ವಾ?" ಅಂದರು.

ಹತ್ತಿರದ ಕೋಟಿಂಗ್ ಯಂತ್ರದ ಹಿಂದೆ ಹೋಗಿ ನೋಡಿದರೆ, ಆವಿಯನ್ನು ಹೊರಗೆಳೆಯುವ ಡಕ್ಟಿನ ಡ್ಯಾಂಪರ್, ಅಂದರೆ ಗಾಳಿಯ ಹರಿವು ಹೆಚ್ಚು ಕಡಿಮೆ ಮಾಡುವ ತಟ್ಟೆ, ಅರ್ಧ ಮುಚ್ಚಿತ್ತು. ಹಿಂದಿನ ದಿನದ ರಿಪೇರಿಯಲ್ಲಿ ಯಾರೋ ತಿರುಗಿಸಿ ಮರೆತಿದ್ದರು. ಸರಿಮಾಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಪರದೆ ಮುಂದೆ ಕೂತು ಕಾಯ್ದೆ. 5.1. ಅರ್ಧ ಗಂಟೆ ಬಿಟ್ಟು 4.6. ಇನ್ನೂ ಎಲ್ಲೋ ಸೋರುತ್ತಿದೆ ಎಂದು ನನಗೆ ಚಡಪಡಿಕೆ. ಅಮೋನಿಯಾ ಕೊಳವೆಯ ಒಳಗೋಡೆಗೂ ಅಂಟಿಕೊಂಡಿರುತ್ತದೆ, ನಿಧಾನವಾಗಿ ಬಿಡುತ್ತದೆ ಎಂದು ಅಕ್ಕ ಹೇಳಿದರು. ಹೇಳಿದವರು ಬ್ಯಾಗ್ ಹೆಗಲಿಗೇರಿಸಿ ಗಡಿಯಾಚೆಯ ಜೊಹೋರ್‌ಗೆ ಹೋಗುವ ಬಸ್ಸಿಗೆ ಹೊರಟೇಬಿಟ್ಟರು. ನಾನು 3.4ರವರೆಗೆ ಕೂತಿದ್ದೆ.