ಇಂಜಿನಿಯರಿಂಗ್ ಜೊತೆಗೊಂದು ಮೈನರ್: 18 ಕ್ರೆಡಿಟ್‌ನ ಲೆಕ್ಕ ತಪ್ಪುವುದು ಎಲ್ಲಿ

ಬಿ.ಇ. ಪದವಿಗೆ 160 ಕ್ರೆಡಿಟ್ (ಪಾಠದ ಹೊರೆಗೆ ತಕ್ಕಂತೆ ಕೋರ್ಸಿಗೆ ಸಿಗುವ ಅಂಕ) ಬೇಕು. ಮೈನರ್ (ಬೇರೆ ಬ್ರಾಂಚಿನ ವಿಷಯ ಹೆಚ್ಚುವರಿಯಾಗಿ ಓದಿದ್ದಕ್ಕೆ ಸಿಗುವ ಮನ್ನಣೆ) ಬೇಕೆಂದರೆ ಅದರ ಮೇಲೆ ಇನ್ನೂ 18ರಿಂದ 20. ದೇಶದ ತಾಂತ್ರಿಕ ಶಿಕ್ಷಣದ ಮಂಡಳಿ ಎಐಸಿಟಿಇ ಹೇಳಿದ್ದು ಇಷ್ಟೆ. ಮೂರನೇ ಸೆಮ್ ಶುರುವಾಗುವ ಹೊತ್ತಿಗೆ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡುವ ಉಳಿದ ಮಾತುಗಳೆಲ್ಲ ಆಯಾ ವಿಶ್ವವಿದ್ಯಾಲಯದ ನಿಯಮಗಳು. ಕೆಲವಂತೂ ನಿಯಮವೂ ಅಲ್ಲ, ಸೀನಿಯರ್ ಒಬ್ಬರ ನೆನಪು.

ಮೊದಲು ನೀವು ಯಾರ ನಿಯಮದೊಳಗೆ ಇದ್ದೀರಿ ಅಂತ ನೋಡಿಕೊಳ್ಳಿ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇದು ಸುಲಭದ ಪ್ರಶ್ನೆ ಅಲ್ಲ ಮಾರಾಯ್ರೆ. ಸುರತ್ಕಲ್‌ನ ಎನ್‌ಐಟಿಕೆಗೆ ನಿಯಮ ಮಾಡಲು ಅದರದ್ದೇ ಸೆನೆಟ್ ಉಂಟು. ಮಣಿಪಾಲದ ಎಂಐಟಿ ಮಾಹೆ ಡೀಮ್ಡ್ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತದೆ. ನಿಟ್ಟೆಯ ಎನ್‌ಎಂಎಎಂಐಟಿ ಮೊದಲು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿತ್ತು, ಈಗ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಉಳಿದ ಹೆಚ್ಚಿನವು ವಿಟಿಯು. ಅವುಗಳಲ್ಲೂ ಕೆಲವು ಸ್ವಾಯತ್ತ, ಕೆಲವು ಅಲ್ಲ. ಹಾಗಾಗಿ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಮೂವರು ಗೆಳೆಯರಿಗೆ ಮೂರು ಬೇರೆ ನಿಯಮ ಇರಬಹುದು. ಮಣಿಪಾಲದಲ್ಲಿ ಪ್ರೋಗ್ರಾಂ ಎಲೆಕ್ಟಿವ್‌ಗಳನ್ನು (ಬ್ರಾಂಚಿನೊಳಗೇ ಆಯ್ದುಕೊಳ್ಳುವ ವಿಷಯಗಳನ್ನು) ಒಂದೇ ಗುಂಪಿನಿಂದ ಆರಿಸಿಕೊಂಡರೆ ಅದು ಮೈನರ್ ಸ್ಪೆಷಲೈಸೇಷನ್ ಆಗುತ್ತದೆ, ಅಂದರೆ ಮಾಮೂಲಿ ಕ್ರೆಡಿಟ್‌ಗಳ ಒಳಗೇ ಕೆಲಸ ಮುಗಿಯುತ್ತದೆ. ಅಲ್ಲಿ ಓದುವ ಅಣ್ಣನ ಮಾತು ಕೇಳಿ ವಿಟಿಯು ಕಾಲೇಜಿನಲ್ಲಿ ಹಾಗೇ ಆಗುತ್ತದೆ ಅಂತ ಕೂತರೆ ಕೊನೆಗೆ ಕೈಯಲ್ಲಿ ಎಂತದೂ ಇರುವುದಿಲ್ಲ. ನಿಮ್ಮ ಅಡ್ಮಿಷನ್ ವರ್ಷದ ಸ್ಕೀಮ್ (ಪಠ್ಯಕ್ರಮದ ಆವೃತ್ತಿ) ಯಾವುದು, ಆ ಸ್ಕೀಮಿನ ರೆಗ್ಯುಲೇಷನ್ ಪಿಡಿಎಫ್ ಎಲ್ಲಿ ಉಂಟು ಅಂತ ಹುಡುಕಿ ಇಟ್ಟುಕೊಳ್ಳಿ. ಸಿಜಿಪಿಎ ಎಷ್ಟಿರಬೇಕು, ಬ್ಯಾಕ್ (ಫೇಲಾಗಿ ಉಳಿದ ವಿಷಯ) ಇದ್ದರೆ ನಡೆಯುತ್ತದಾ, ಹೆಸರು ನೋಂದಾಯಿಸಲು ಕೊನೆಯ ಸೆಮ್ ಯಾವುದು: ಈ ಮೂರಕ್ಕೆ ಆ ಪಿಡಿಎಫ್‌ನಲ್ಲೇ ಉತ್ತರ ಸಿಗಬೇಕು.

ಆನರ್ಸ್ ಮತ್ತು ಮೈನರ್ ಎರಡನ್ನೂ ಒಂದೇ ಅಂದುಕೊಳ್ಳುವವರು ಇದ್ದಾರೆ. ನಿಮ್ಮದೇ ಬ್ರಾಂಚಿನಲ್ಲಿ ಹೆಚ್ಚುವರಿ ಓದಿದರೆ ಆನರ್ಸ್, ಬೇರೆ ಬ್ರಾಂಚಿನದ್ದು ಓದಿದರೆ ಮೈನರ್. ಸಿಸ್ಕೋ, ಎಡಬ್ಲ್ಯೂಎಸ್ ಥರದ ಕಂಪನಿಗಳು ಕೊಡುವ ಹೊರಗಿನ ಸರ್ಟಿಫಿಕೇಟು ಎರಡೂ ಅಲ್ಲ, ಅದು ವಿಶ್ವವಿದ್ಯಾಲಯದ ಕಡತಕ್ಕೆ ಬರುವುದೇ ಇಲ್ಲ. ಈ ವ್ಯತ್ಯಾಸ ಮುಖ್ಯ. ಯಾಕೆಂದರೆ ಮೈನರ್ ಅನ್ನುವುದು ನೀವು ಕಲಿತದ್ದಲ್ಲ, ವಿಶ್ವವಿದ್ಯಾಲಯ ದಾಖಲಿಸಿಕೊಂಡದ್ದು. ಆರು ಕೋರ್ಸು ಚೆನ್ನಾಗಿ ಓದಿ ಪಾಸಾದವರಿಗೂ ಮೈನರ್ ಕೈತಪ್ಪುವುದು ಉಂಟು. ತಪ್ಪುವುದು ಓದಿನಲ್ಲಿ ಅಲ್ಲ, ಕಾಗದದಲ್ಲಿ.

ಈಗ ಲೆಕ್ಕಕ್ಕೆ ಬರುವ. ಹೆಚ್ಚುವರಿ ಕ್ರೆಡಿಟ್ ಅಂದರೆ ನಮ್ಮ ಕಡೆ ಹೆಚ್ಚಿನವರಿಗೆ ಎನ್‌ಪಿಟಿಇಎಲ್‌ನ (ಐಐಟಿಗಳ ಆನ್‌ಲೈನ್ ಕೋರ್ಸುಗಳ) ದಾರಿ. 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2, 4 ವಾರದ್ದಕ್ಕೆ 1. ಹಾಗಾದರೆ 18ಕ್ಕೆ 12 ವಾರದ ಆರು ಕೋರ್ಸು. ಪಾಠ ಕೇಳುವುದು ಪುಕ್ಕಟೆ. ಪರೀಕ್ಷೆಗೆ ಕೋರ್ಸೊಂದಕ್ಕೆ ₹1,000, ಒಟ್ಟು ₹6,000. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅರ್ಧ ಶುಲ್ಕ. ಕೋರ್ಸುಗಳು ವರ್ಷಕ್ಕೆ ಎರಡು ಸಲ ನಡೆಯುತ್ತವೆ: ಜನವರಿಯಿಂದ ಏಪ್ರಿಲ್, ಜುಲೈಯಿಂದ ಅಕ್ಟೋಬರ್. ಮೂರನೇ ಸೆಮ್‌ನಿಂದ ಏಳನೇ ಸೆಮ್‌ವರೆಗೆ ನಿಮಗೆ ಸಿಗುವುದು ಐದೇ ಸರದಿ, ಕೋರ್ಸು ಆರು. ಅಂದರೆ ಎಲ್ಲೋ ಒಂದು ಸೆಮ್‌ನಲ್ಲಿ ಎರಡು ತೆಗೆದುಕೊಳ್ಳಲೇಬೇಕು. ಅದನ್ನು ನಾಲ್ಕನೇ ಸೆಮ್‌ನಲ್ಲೇ ಮಾಡಿಬಿಡುವುದು ಒಳ್ಳೆಯದು. ಆರು, ಏಳರಲ್ಲಿ ಪ್ರಾಜೆಕ್ಟ್ ಮತ್ತು ಪ್ಲೇಸ್‌ಮೆಂಟ್ ಎರಡೂ ಒಟ್ಟಿಗೆ ಬರುತ್ತವೆ. ಎಂಟನೇ ಸೆಮ್‌ಗೆ ಏನನ್ನೂ ಉಳಿಸಬೇಡಿ. ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರಲು ವಾರಗಳೇ ಬೇಕು, ಅಷ್ಟರಲ್ಲಿ ಕಾಲೇಜಿನಿಂದ ನಿಮ್ಮ ಕ್ರೆಡಿಟ್ ಪಟ್ಟಿ ಹೋಗಿಯಾಗಿರಬಹುದು. ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮ್‌ಗೆ ಸೇರುವವರಿಗೆ ಈ ಲೆಕ್ಕ ಇನ್ನೂ ಬಿಗಿ. ಅವರಿಗೆಂದೇ ಇರುವ ಬ್ರಿಡ್ಜ್ ಗಣಿತದ ಜೊತೆ ಮೈನರಿನ ಮೊದಲ ಕೋರ್ಸೂ ಆಗಬೇಕು.

ಎನ್‌ಪಿಟಿಇಎಲ್‌ನಲ್ಲಿ ಅಂಕ ಕೊಡುವ ರೀತಿ ಗೊತ್ತಿಲ್ಲದೆ ಫೇಲಾಗುವವರೇ ಜಾಸ್ತಿ. 12 ವಾರದ ಕೋರ್ಸಿನಲ್ಲಿ ಅಸೈನ್‌ಮೆಂಟುಗಳ ಪೈಕಿ ಚೆನ್ನಾಗಿ ಬಂದ 8ರ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಸರ್ಟಿಫಿಕೇಟ್ ಸಿಗಬೇಕಾದರೆ ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಪ್ರತ್ಯೇಕವಾಗಿ ಬರಬೇಕು. ಒಬ್ಬಳು ಅಸೈನ್‌ಮೆಂಟಿನಲ್ಲಿ 20 ತೆಗೆದಳು, ಪರೀಕ್ಷೆಯಲ್ಲಿ 28 ಬಂತು ಅಂತಿಟ್ಟುಕೊಳ್ಳಿ. ಒಟ್ಟು 48. ನೋಡಿದರೆ ಪಾಸು, ಆದರೆ ಸರ್ಟಿಫಿಕೇಟ್ ಇಲ್ಲ. ಇನ್ನೊಬ್ಬ ಐದೇ ಅಸೈನ್‌ಮೆಂಟ್ ಹಾಕಿದ, ಒಂದೊಂದರಲ್ಲೂ 60. ಐದರದ್ದು 300 ಆಯಿತು, ಭಾಗಿಸುವುದು 8ರಿಂದ: 37.5. ಅದರ ಕಾಲುಭಾಗ 9.4. ಹತ್ತು ಆಗಲಿಲ್ಲ. ಇನ್ನು ಪರೀಕ್ಷೆಯಲ್ಲಿ 70 ತೆಗೆದರೂ ಅವನ 3 ಕ್ರೆಡಿಟ್ ಹೋಯಿತು. 40ರಿಂದ 59ಕ್ಕೆ ಬರೀ ಪಾಸು, 60ರ ಮೇಲೆ ಎಲೀಟ್, 75ರ ಮೇಲೆ ಸಿಲ್ವರ್, 90ರ ಮೇಲೆ ಗೋಲ್ಡ್. ನಿಮ್ಮ ವಿಶ್ವವಿದ್ಯಾಲಯ ಇದನ್ನು ಗ್ರೇಡಾಗಿ ಹೇಗೆ ಬದಲಾಯಿಸುತ್ತದೆ ಎನ್ನುವುದನ್ನೂ ಅದೇ ಪಿಡಿಎಫ್‌ನಲ್ಲಿ ನೋಡಿಕೊಳ್ಳಿ.

ಅಸೈನ್‌ಮೆಂಟಿಗೆ ಸಾಮಾನ್ಯವಾಗಿ ಬುಧವಾರ ರಾತ್ರಿ 11:59 ಕೊನೆ. ಜುಲೈ ಸರದಿ ನಮ್ಮ ಮಳೆಗಾಲದಲ್ಲೇ ಬರುತ್ತದೆ. ರೆಡ್ ಅಲರ್ಟ್ ಅಂತ ಜಿಲ್ಲಾಧಿಕಾರಿ ರಜೆ ಕೊಡಬಹುದು, ಎನ್‌ಪಿಟಿಇಎಲ್‌ನ ಸರ್ವರು ಕೊಡುವುದಿಲ್ಲ. ಮರ ಬಿದ್ದು ಸಂಜೆ ಆರಕ್ಕೆ ಹೋದ ಕರೆಂಟು ಮರುದಿನ ಬೆಳಿಗ್ಗೆ ಬರುವ ಊರುಗಳಲ್ಲಿ ಬುಧವಾರ ರಾತ್ರಿಯನ್ನು ನಂಬಬೇಡಿ. ಸೋಮವಾರವೇ ಒಮ್ಮೆ ಉತ್ತರ ಹಾಕಿಬಿಡಿ. ಗಡುವಿನವರೆಗೆ ಎಷ್ಟು ಸಲ ಬೇಕಾದರೂ ತಿದ್ದಿ ಮತ್ತೆ ಕಳಿಸಬಹುದು, ಕೊನೆಯದ್ದು ಲೆಕ್ಕಕ್ಕೆ. ಇದನ್ನು ಎಷ್ಟು ಸಲ ಹೇಳಿದರೂ ಬುಧವಾರ ಹತ್ತೂವರೆಗೆ ಹಾಟ್‌ಸ್ಪಾಟ್ ಕೇಳುವವರು ಇದ್ದೇ ಇರುತ್ತಾರೆ.

ಇನ್ನೊಂದು ದೊಡ್ಡ ಎಡವಟ್ಟು: ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಹನ್ನೆರಡು ವಾರ ಪಾಠ ಕೇಳಿ, ಅಸೈನ್‌ಮೆಂಟೆಲ್ಲ ಹಾಕಿ, ಪರೀಕ್ಷೆಯ ಫಾರ್ಮ್ ತುಂಬಿಸಲು ಮರೆತರೆ ಆಮೇಲೆ ಯಾರನ್ನು ಕೇಳಿದರೂ ಪ್ರಯೋಜನ ಇಲ್ಲ. ಎರಡಕ್ಕೂ ಒಂದೇ ಇಮೇಲ್ ಕೊಡಿ. ಸೇರಿದ್ದು ಸ್ವಂತ ಜಿಮೇಲಿನಲ್ಲಿ, ಶುಲ್ಕ ಕಟ್ಟಿದ್ದು ಕಾಲೇಜಿನ ಐಡಿಯಲ್ಲಿ ಆದರೆ ಅಸೈನ್‌ಮೆಂಟಿನ ಅಂಕ ಒಂದು ಕಡೆ, ಪರೀಕ್ಷೆಯ ಅಂಕ ಇನ್ನೊಂದು ಕಡೆ. ಪ್ರೊಫೈಲಿನಲ್ಲಿ ನಿಮ್ಮ ಕಾಲೇಜಿನ ಲೋಕಲ್ ಚಾಪ್ಟರ್ (ಎನ್‌ಪಿಟಿಇಎಲ್‌ನ ಕಾಲೇಜು ಘಟಕ) ಆರಿಸುವಾಗ ಹೆಸರು ಪೂರ್ತಿ ಓದಿ, ನಮ್ಮಲ್ಲಿ ಒಂದೇ ಥರದ ಹೆಸರಿನ ಕಾಲೇಜುಗಳು ಬೇಕಷ್ಟು ಉಂಟು. ಪರೀಕ್ಷೆ ಕಂಪ್ಯೂಟರಿನಲ್ಲಿ, ಕೇಂದ್ರಕ್ಕೇ ಹೋಗಿ ಬರೆಯಬೇಕು. ಬೆಳಗಿನ ಪಾಳಿ 9ರಿಂದ 12, ಮಧ್ಯಾಹ್ನದ್ದು 2ರಿಂದ 5. ಉಡುಪಿಯವರಿಗೆ ಮಂಗಳೂರಲ್ಲಿ ಕೇಂದ್ರ ಬಿದ್ದರೆ ಎಕ್ಸ್‌ಪ್ರೆಸ್ ಬಸ್ಸನ್ನು ನಂಬಿ ಏಳೂವರೆಗೆ ಹೊರಡಬೇಡಿ. ಎರಡು ಕೋರ್ಸು ತೆಗೆದುಕೊಳ್ಳುವವರು ಪರೀಕ್ಷೆಯ ದಿನ ಮತ್ತು ಪಾಳಿ ಒಂದಕ್ಕೊಂದು ಅಡ್ಡ ಬರುತ್ತದಾ ಅಂತ ಸೇರುವ ಮೊದಲೇ ನೋಡಬೇಕು. ದಿನಾಂಕವನ್ನು ಕೋರ್ಸಿನ ಪುಟದಲ್ಲೇ ಹಾಕಿರುತ್ತಾರೆ.

ಯಾವ ಕೋರ್ಸು ತೆಗೆದುಕೊಳ್ಳಬೇಕು? ಮೆಕ್ಯಾನಿಕಲ್‌ನವರು ಡೇಟಾ ಸೈನ್ಸ್ ಮೈನರ್ ಮಾಡುವುದು ಅಂತಿಟ್ಟುಕೊಳ್ಳುವ. ಐಐಟಿ ಮದ್ರಾಸಿನ ‘ಪೈಥಾನ್ ಫಾರ್ ಡೇಟಾ ಸೈನ್ಸ್’ 4 ವಾರದ್ದು, ಅಂದರೆ ಒಂದೇ ಕ್ರೆಡಿಟ್. ಸುಲಭ ಅಂತ ಇಂಥವನ್ನೇ ಹಿಡಿದರೆ 18 ಆಗುವಾಗ ಪದವಿ ಮುಗಿದಿರುತ್ತದೆ. ಅದಲ್ಲದೆ 12 ವಾರದ್ದನ್ನು ಮಾತ್ರ ಒಪ್ಪುವ ನಿಯಮಗಳೂ ಉಂಟು. ಐಐಟಿ ರೂರ್ಕಿಯ ‘ಡೇಟಾ ಅನಾಲಿಟಿಕ್ಸ್ ವಿತ್ ಪೈಥಾನ್’ 12 ವಾರ, ಐಐಟಿ ಮದ್ರಾಸಿನ ‘ಇಂಟ್ರೊಡಕ್ಷನ್ ಟು ಮಷಿನ್ ಲರ್ನಿಂಗ್’ ಕೂಡ 12 ವಾರ. ಎರಡನೆಯದನ್ನು ಸಂಭವನೀಯತೆ ಮತ್ತು ಲೀನಿಯರ್ ಆಲ್ಜಿಬ್ರಾ ಕೈಹತ್ತುವ ಮುಂಚೆ ತೆಗೆದುಕೊಂಡರೆ ನಾಲ್ಕನೇ ವಾರಕ್ಕೇ ಸುಸ್ತು. ಮೊದಲು ಪ್ರೋಗ್ರಾಮಿಂಗ್, ಆಮೇಲೆ ಸಂಖ್ಯಾಶಾಸ್ತ್ರ, ಆಮೇಲೆ ಇದು. ಎಲ್ಲ ಕೋರ್ಸೂ ಎಲ್ಲ ಸರದಿಯಲ್ಲಿ ಬರುವುದಿಲ್ಲ. ಕೆಲವು ಜನವರಿಗೆ ಮಾತ್ರ, ಕೆಲವು ಜುಲೈಗೆ ಮಾತ್ರ. ಹಿಂದಿನ ಎರಡು ವರ್ಷದ ಪಟ್ಟಿ ತೆಗೆದು ನೋಡಿದರೆ ಅಂದಾಜು ಸಿಗುತ್ತದೆ.

ಹಣ ಕಟ್ಟುವ ಮೊದಲು ಇನ್ನೊಂದು ಕೆಲಸ. ಕೋರ್ಸಿನ ವಾರವಾರದ ಪಾಠಪಟ್ಟಿಯನ್ನೂ ನಿಮ್ಮ ಬ್ರಾಂಚಿನ ಸಿಲಬಸ್ಸನ್ನೂ ಅಕ್ಕಪಕ್ಕ ಇಟ್ಟು ನೋಡಿ. ಈಗಾಗಲೇ ಓದಿದ, ಮುಂದೆ ಓದಲಿರುವ ವಿಷಯವೇ ಅಲ್ಲೂ ಇದ್ದರೆ ಆ ಕೋರ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ವರ್ಷ ಪೈಥಾನ್ ಓದಿದವರು ಮತ್ತೆ ಆರಂಭಿಕ ಪೈಥಾನ್ ಕೋರ್ಸು ಹಿಡಿದರೆ ಹೀಗಾಗುತ್ತದೆ. ಒಂದೇ ಸರ್ಟಿಫಿಕೇಟನ್ನು ಎರಡು ಕಡೆ ತೋರಿಸಲಿಕ್ಕೂ ಆಗುವುದಿಲ್ಲ. ವಿಟಿಯು 2022ರ ಸ್ಕೀಮಿನಲ್ಲಿ ಕೊನೆಯ ವರ್ಷ ತಲಾ 3 ಕ್ರೆಡಿಟ್‌ನ ಎರಡು ಆನ್‌ಲೈನ್ ಎಲೆಕ್ಟಿವ್ ಉಂಟು. ಅವು 160ರ ಒಳಗಿನವು, ಮೈನರಿನ 18ಕ್ಕೆ ಬೇರೆಯೇ ಬೇಕು. ಹಾಗೆಯೇ ತರಗತಿಯ ಹೊರಗಿನ ಚಟುವಟಿಕೆಗಳಿಗೆ ಸಿಗುವ ಎಐಸಿಟಿಇ ಆಕ್ಟಿವಿಟಿ ಪಾಯಿಂಟು, ರೆಗ್ಯುಲರ್‌ನವರಿಗೆ 100, ಡಿಪ್ಲೊಮಾದಿಂದ ಬಂದ ಲ್ಯಾಟರಲ್‌ನವರಿಗೆ 75. ಅದು ಕ್ರೆಡಿಟ್ ಅಲ್ಲ. ಕ್ರೆಡಿಟ್ ಜಾಸ್ತಿ ಇದ್ದರೆ ಪಾಯಿಂಟಿಗೆ ರಿಯಾಯಿತಿಯೂ ಇಲ್ಲ. ಆರಿಸಿದ ಕೋರ್ಸುಗಳ ಪಟ್ಟಿಗೆ ಸೇರುವ ಮುಂಚೆಯೇ ಎಚ್‌ಒಡಿ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಮಾತಿನಲ್ಲಿ ಒಪ್ಪಿದ ಸರ್ ಮುಂದಿನ ವರ್ಷ ಅದೇ ಕುರ್ಚಿಯಲ್ಲಿ ಇರುತ್ತಾರೆ ಅಂತ ಹೇಳಲಿಕ್ಕಾಗುವುದಿಲ್ಲ.

ಹೆಸರಿನ ಕತೆ ಬೇರೆಯೇ. ಕ್ರೆಡಿಟ್ ಹೋಗಿ ಕೂರುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ. ಯುಜಿಸಿ 2021ರಲ್ಲಿ ನಿಯಮ ಮಾಡಿದ ವ್ಯವಸ್ಥೆ ಅದು. ಡಿಜಿಲಾಕರ್‌ನಲ್ಲಿ ತೆರೆದರೆ 12 ಅಂಕಿಯ ಅಪಾರ್ ಐಡಿ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಸಿಗುತ್ತದೆ. ಹೆಸರು ಆಧಾರ್‌ನಿಂದ ಬರುತ್ತದೆ. ಕರಾವಳಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುಷ್ಮಿತಾ ಕೆ.’ ಅಂತ ಇದ್ದರೆ ಆಧಾರ್‌ನಲ್ಲಿ ‘ಸುಶ್ಮಿತ ಕುಲಾಲ್’ ಆಗಿರುತ್ತದೆ, ಎನ್‌ಪಿಟಿಇಎಲ್ ಫಾರ್ಮಿನಲ್ಲಿ ಬರೀ ‘ಸುಷ್ಮಿತಾ’. ಮನುಷ್ಯರಿಗೆ ಒಂದೇ ಹುಡುಗಿ, ಕಂಪ್ಯೂಟರಿಗೆ ಮೂವರು. ಎರಡನೇ ಸೆಮ್‌ನ ರಜೆಯಲ್ಲೇ ಆಧಾರನ್ನು ಅಂಕಪಟ್ಟಿಗೆ ಸರಿಹೊಂದಿಸಿ, ಆಮೇಲೆ ಖಾತೆ ತೆರೆಯಿರಿ. ಪರೀಕ್ಷೆಯ ಫಾರ್ಮಿನಲ್ಲಿ ಬರೆದ ಹೆಸರೇ ಸರ್ಟಿಫಿಕೇಟಿನ ಮೇಲೆ ಅಚ್ಚಾಗುವುದು.

ವಿಷಯದ ಆಯ್ಕೆಯಲ್ಲಿ ನನ್ನದೊಂದು ಹಟ ಉಂಟು: ಬ್ರಾಂಚೂ ಮೈನರೂ ಸೇರಿ ಒಂದು ಕೆಲಸದ ಹೆಸರು ಆಗಬೇಕು. ಸಿವಿಲ್ ಜೊತೆ ಜಿಐಎಸ್ (ಕಂಪ್ಯೂಟರ್ ನಕ್ಷೆ), ರಿಮೋಟ್ ಸೆನ್ಸಿಂಗ್ (ಉಪಗ್ರಹ ಚಿತ್ರದ ಅಧ್ಯಯನ) ಓದಿದವರಿಗೆ ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತವೇ ಪ್ರಾಜೆಕ್ಟ್. ಎಲೆಕ್ಟ್ರಿಕಲ್ ಜೊತೆ ಎಲೆಕ್ಟ್ರಿಕ್ ವಾಹನವೋ ಸೌರಶಕ್ತಿಯೋ ಹೊಂದುತ್ತದೆ. ಕಂಪ್ಯೂಟರ್ ಸೈನ್ಸ್‌ನವರು ಮತ್ತೆ ಎಐ ಮೈನರ್ ಹುಡುಕುವುದರಲ್ಲಿ ಅರ್ಥ ಕಾಣುವುದಿಲ್ಲ, ಅರ್ಧ ಪಾಠ ಈಗಾಗಲೇ ಅವರ ಸಿಲಬಸ್ಸಿನಲ್ಲಿದೆ. ಸರಕಾರಿ ಕೆಲಸದ ಆಸೆ ಇದ್ದವರು ಒಂದು ತಿಳಿದಿರಲಿ: ನೇಮಕಾತಿ ಪ್ರಕಟಣೆಯಲ್ಲಿ ಕೇಳುವುದು ಮೂಲ ಬ್ರಾಂಚನ್ನು. ಕುತ್ತೆತ್ತೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್, ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅಂಕದ ಮೇಲೆ ಇಂಜಿನಿಯರುಗಳನ್ನು ತೆಗೆದುಕೊಳ್ಳುವಾಗಲೂ ಅಷ್ಟೆ, ಸಿವಿಲ್‌ನವರಿಗೆ ಕೆಮಿಕಲ್ ಮೈನರ್ ಇದ್ದ ಮಾತ್ರಕ್ಕೆ ಕೆಮಿಕಲ್ ಹುದ್ದೆ ಸಿಗುವುದಿಲ್ಲ. ಮುಂದೆ ಓದುವವರಿಗೆ ಮಾತ್ರ ಒಂದು ಬಾಗಿಲು ತೆರೆದಿದೆ. 2024ರಿಂದ ಗೇಟ್‌ನಲ್ಲಿ ಡೇಟಾ ಸೈನ್ಸ್ ಮತ್ತು ಎಐ ಪತ್ರಿಕೆ ಬಂದಿದೆ, ಆ ಮೈನರಿನ ಓದು ಅಲ್ಲಿ ನೇರ ಉಪಯೋಗಕ್ಕೆ ಬರುತ್ತದೆ.

ಹೊರಗಿನ ಸರ್ಟಿಫಿಕೇಟುಗಳಲ್ಲಿ ನೋಡಬೇಕಾದ್ದು ಅವಧಿ. ಸಿಸ್ಕೋದ ನೆಟ್‌ವರ್ಕಿಂಗ್ ಸರ್ಟಿಫಿಕೇಟು ಸಿಸಿಎನ್‌ಎ 300 ಡಾಲರು, ಅಮೆಜಾನಿನ ಎಡಬ್ಲ್ಯೂಎಸ್ ಕ್ಲೌಡ್ ಪ್ರಾಕ್ಟಿಷನರ್ 100 ಡಾಲರು, ಎರಡಕ್ಕೂ ಮೂರೇ ವರ್ಷ ಆಯುಷ್ಯ. ನಾಲ್ಕನೇ ಸೆಮ್‌ನಲ್ಲಿ ಮಾಡಿದರೆ ಕೆಲಸಕ್ಕೆ ಸೇರಿ ಒಂದು ವರ್ಷಕ್ಕೇ ಮುಗಿಯಿತು. ಆರನೇ ಸೆಮ್‌ನ ಕೊನೆಗೆ ಬರೆದರೆ ಪ್ಲೇಸ್‌ಮೆಂಟಿಗೂ ಸಿಗುತ್ತದೆ, ಆಮೇಲೂ ಉಳಿಯುತ್ತದೆ. ಒಂದು ಸಾಕು. ವಿಡಿಯೊ ನೋಡಿದ್ದಕ್ಕೆ ಸಿಗುವ ಹತ್ತು ಸರ್ಟಿಫಿಕೇಟುಗಳನ್ನು ಬಯೊಡಾಟಾದಲ್ಲಿ ಸಾಲಾಗಿ ಬರೆದರೆ, ಇಂಟರ್‌ವ್ಯೂನಲ್ಲಿ ಹತ್ತರ ಮೇಲೂ ಪ್ರಶ್ನೆ ಬರಬಹುದು.

ಎಲ್ಲ ಸರಿ ಮಾಡಿಯೂ ಆರನೇ ಸೆಮ್ ಮುಗಿಯುವಾಗ ಕೈಯಲ್ಲಿ 12 ಕ್ರೆಡಿಟ್ ಮಾತ್ರ ಇದ್ದರೆ? ಉಳಿದದ್ದು 6. ಏಳನೇ ಸೆಮ್‌ನಲ್ಲಿ ಎರಡು ಕೋರ್ಸು ಒಟ್ಟಿಗೆ ಆಗುತ್ತದೆ, ಬ್ಯಾಕ್ ಇಲ್ಲದಿದ್ದರೆ. ಬ್ಯಾಕ್ ಇದ್ದರೆ ಮೈನರ್ ಬಿಟ್ಟುಬಿಡಿ, ಬೇಜಾರು ಬೇಡ. ಮೈನರ್ ಪೂರ್ತಿ ಆಗದ ಕಾರಣಕ್ಕೆ ಮೂಲ ಪದವಿಗೆ ತೊಂದರೆ ಇಲ್ಲ. ಪಾಸಾದ ನಾಲ್ಕು ಕೋರ್ಸಿನ ಸರ್ಟಿಫಿಕೇಟು ನಿಮ್ಮದೇ, ಕ್ರೆಡಿಟ್ ಬ್ಯಾಂಕಿನಲ್ಲಿ ಜಮೆಯಾದ ಕ್ರೆಡಿಟ್‌ಗೆ ಏಳು ವರ್ಷದವರೆಗೆ ಮಾನ್ಯತೆ ಉಂಟು. ಕಾಲೇಜಿಗೆ ಒಂದು ಸಾಲಿನ ಪತ್ರ ಕೊಟ್ಟು ಮೈನರಿನಿಂದ ಹೆಸರು ತೆಗೆಸಿಕೊಂಡು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.