ತಿಜೋರಿಯೊಳಗಿನ ಹಾವು

ನನ್ನ ಹತ್ತಿರ ಇನ್ನೂರು ಪುಟದ ಒಂದು ಹಳೇ ನೋಟ್‌ಬುಕ್ ಇದೆ. ರಟ್ಟಿನ ಮೇಲೆ 'ಹೋಮ್ಸ್ - ತಪ್ಪುಗಳು' ಅಂತ ಬರೆದಿದ್ದೇನೆ. ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್ ಮಾಡಿದ ತಪ್ಪುಗಳಲ್ಲ, ಅವನನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಮಾಡಿದವು. ಈ ಚಟ ಹಿಡಿಸಿದ್ದು ನಮ್ಮಜ್ಜಿ. ಅವಳಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ.

ಅಡಿಕೆ ಕೊಯ್ಲಿನ ಕಾಲ ಅದು. ರಾತ್ರಿ ಊಟ ಮುಗಿಸಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯೋಕೆ ಕೂರುತ್ತಿದ್ದರು. ನಿದ್ದೆ ಬಂದರೆ ಕೈ ಕುಯ್ದುಕೊಳ್ಳುತ್ತಾರೆ, ಹಾಗಾಗಿ ಯಾರಾದರೂ ಕಥೆ ಹೇಳುತ್ತಲೇ ಇರಬೇಕು. ಹೈಸ್ಕೂಲಿನಲ್ಲಿದ್ದ ನಾನು ಆವತ್ತು ದೊಡ್ಡ ಪಂಡಿತನ ಹಾಗೆ 'ಸ್ಪೆಕಲ್ಡ್ ಬ್ಯಾಂಡ್' ಕಥೆ ಶುರು ಮಾಡಿದೆ. (1892ರ ಕಥೆ ಇದು, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ.) ಕಲ್ಕತ್ತಾದಲ್ಲಿ ಡಾಕ್ಟರಿಕೆ ಮಾಡಿ ಇಂಗ್ಲೆಂಡಿಗೆ ವಾಪಸ್ ಹೋದ ರಾಯ್ಲಟ್ ಅನ್ನುವ ಒಬ್ಬ ಸಿಡುಕ. ಅವನಿಗೆ ಇಬ್ಬರು ಮಲಮಕ್ಕಳು. ಮದುವೆಯಾದರೆ ಅವರ ಪಾಲಿನ ದುಡ್ಡು ಕೈತಪ್ಪುತ್ತದೆ. ಅದಕ್ಕೇ ಅವನು ತನ್ನ ಕೋಣೆಯಿಂದ ಪಕ್ಕದ ಕೋಣೆಗಿರುವ ಗಾಳಿಗಂಡಿಯಲ್ಲಿ ಹಾವು ಬಿಡುತ್ತಾನೆ. ಹಾವು ಗಂಟೆಯ ಹಗ್ಗ ಹಿಡಿದು ಹಾಸಿಗೆ ಮೇಲೆ ಇಳಿಯುತ್ತದೆ. ಕೆಲಸ ಆದ ಮೇಲೆ ಶಿಳ್ಳೆ ಹೊಡೆದರೆ ಅದೇ ಹಗ್ಗ ಹತ್ತಿ ವಾಪಸ್. ಅದಕ್ಕೆ ತಟ್ಟೆಯಲ್ಲಿ ಹಾಲು. ಹಗಲೆಲ್ಲ ಕಬ್ಬಿಣದ ತಿಜೋರಿಯಲ್ಲಿ ಅದರ ವಾಸ.

ನಾನು ಉಸಿರು ಬಿಗಿಹಿಡಿದು ಹೇಳುತ್ತಿದ್ದರೆ ಅಜ್ಜಿ ಕತ್ತಿಯಿಂದ ಕೈ ತೆಗೆದಳು.

"ಅಲ್ಲ ಕಣೋ, ಶಿಳ್ಳೆ ಹೊಡೆದ್ರೆ ಬರೋಕೆ ಅದೇನು ನಾಯಿಯಾ?"

ನಾನು ಸುಮ್ಮನಾದೆ.

"ಇಳಿಯೋದೇನೋ ಇಳೀತು ಅನ್ನು. ನೇತಾಡೋ ಹಗ್ಗ ಹತ್ತುತ್ತಾ? ಅದೂ ಹೋಗ್ಲಿ. ತಿಜೋರಿ ಬಾಗಿಲು ಹಾಕಿದ್ರೆ ಗಾಳಿ ಎಲ್ಲಿಂದ? ಉಸಿರು ಕಟ್ಟಿ ಸಾಯಲ್ವಾ?"

ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಮೂರು ಪ್ರಶ್ನೆ ಬರೆದಿಟ್ಟೆ. ಹಾಲಿನ ವಿಷಯದಲ್ಲಿ ಮಾತ್ರ ಅಜ್ಜಿ ಪೂರ್ತಿ ಡಾಯ್ಲ್ ಕಡೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವಳಿಗೆ, ಹಾಲು ಹಾವಿನ ಆಹಾರವೇ ಅಲ್ಲ ಅಂತ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಆಮೇಲೆ ನಾನೇ ಹುಡುಕಿ ಇನ್ನೂ ಕೆಲವು ಸೇರಿಸಿದೆ. ಅದೇ ಕಥೆಯಲ್ಲಿ ರಾಯ್ಲಟ್ ಭಾರತದಿಂದ ತರಿಸಿಕೊಂಡ ಚಿರತೆಯ ಹಾಗಿರುವ ಚೀತಾ ಒಂದು, ಬಬೂನ್ ಒಂದು ಅಂಗಳದಲ್ಲಿ ಓಡಾಡುತ್ತಿರುತ್ತವೆ. ಬಬೂನ್ ನಮ್ಮ ದೇಶದ ಪ್ರಾಣಿಯೇ ಅಲ್ಲ, ಆಫ್ರಿಕಾ ಕಡೆಯದು. ಇನ್ನು ಹಾವು ಕಚ್ಚಿದ ಹತ್ತೇ ಸೆಕೆಂಡಿಗೆ ಮನುಷ್ಯ ಸತ್ತ ಅಂತಾನೆ ಹೋಮ್ಸ್. ಹೋಮ್ಸ್ ಹೇಳುವ 'ಸ್ವಾಂಪ್ ಆ್ಯಡರ್' ಅನ್ನುವ ಹಾವು ನಮ್ಮಲ್ಲೆಲ್ಲೂ ಇಲ್ಲ. ಇಷ್ಟಿದ್ದೂ 1927ರಲ್ಲಿ ತನ್ನ ಕಥೆಗಳಲ್ಲಿ ಒಳ್ಳೆಯ ಹನ್ನೆರಡನ್ನು ಆರಿಸಿ ಅಂದಾಗ ಡಾಯ್ಲ್ ಮೊದಲ ಸ್ಥಾನ ಕೊಟ್ಟಿದ್ದು ಇದಕ್ಕೇ! ನನಗೂ ಇದೇ ಇಷ್ಟ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ನೋಟ್‌ಬುಕ್ಕಿನಲ್ಲಿ ಜಾಸ್ತಿ ಪುಟ ತಿಂದಿರುವುದು ಪಾಪದ ವಾಟ್ಸನ್, ಹೋಮ್ಸನ ಗೆಳೆಯ, ಅವನ ಕಥೆಗಳನ್ನು ನಮಗೆ ಹೇಳುವ ಡಾಕ್ಟರು. ಅಫ್ಘಾನ್ ಯುದ್ಧದಲ್ಲಿ, 1880ರ ಮೈವಾಂದ್ ಕಾಳಗದಲ್ಲಿ, ಅವನಿಗೆ ಗುಂಡು ತಗುಲಿದ್ದು ಭುಜಕ್ಕೆ. ಇದು ಮೊದಲ ಕಾದಂಬರಿಯ ಮೊದಲ ಪುಟದಲ್ಲೇ ಇದೆ. ಎರಡನೇ ಕಾದಂಬರಿಗೆ ಬರುವಷ್ಟರಲ್ಲಿ ಗಾಯ ಕಾಲಿಗೆ ಇಳಿದಿದೆ. ಇನ್ನೊಂದು ಕಥೆಯಲ್ಲಂತೂ 'ಕೈಕಾಲುಗಳಲ್ಲಿ ಒಂದರಲ್ಲಿ' ಉಳಿದ ಗುಂಡು ನೋಯುತ್ತಿದೆ ಅಂತಾನೆ. ಯಾವ ಕೈ, ಯಾವ ಕಾಲು ಅಂತ ಹೇಳುವ ಗೋಜಿಗೇ ಹೋಗಿಲ್ಲ. ಅವನ ಹೆಸರು ಜಾನ್ ಎಚ್. ವಾಟ್ಸನ್. ಆದರೆ ಒಂದು ಕಥೆಯಲ್ಲಿ ಸ್ವಂತ ಹೆಂಡತಿ ಅವನನ್ನು 'ಜೇಮ್ಸ್' ಅಂತ ಕರೆಯುತ್ತಾಳೆ. ಇದಕ್ಕೆ ಡೊರೊಥಿ ಸೇಯರ್ಸ್, ಅವರೂ ದೊಡ್ಡ ಪತ್ತೇದಾರಿ ಲೇಖಕಿ, ಒಂದು ಚಂದದ ಸಮಜಾಯಿಷಿ ಹುಡುಕಿದರು. 'ಎಚ್' ಅಂದರೆ ಹೇಮಿಶ್ ಇರಬೇಕು. ಸ್ಕಾಟ್ಲೆಂಡಿನಲ್ಲಿ ಜೇಮ್ಸ್‌ಗೆ ಹೇಮಿಶ್ ಅಂತಾರೆ. ಹೆಂಡತಿ ಪ್ರೀತಿಯಿಂದ ಹಾಗೆ ಕರೆದಳು, ಮುಗೀತು! ನಗಬೇಡಿ, ಇದನ್ನು ಅವರು ಪೂರಾ ಪ್ರಬಂಧ ಮಾಡಿ ಬರೆದಿದ್ದಾರೆ.

ಹೋಮ್ಸ್ ಅಭಿಮಾನಿಗಳ ಆಟವೇ ಇದು. ಹೋಮ್ಸ್, ವಾಟ್ಸನ್ ನಿಜವಾದ ಮನುಷ್ಯರು, ಡಾಯ್ಲ್ ಬರೀ ಪ್ರಕಟಣೆಗೆ ಓಡಾಡಿದ ಏಜೆಂಟು ಅಂದುಕೊಂಡು ತಪ್ಪುಗಳಿಗೆಲ್ಲ ಕಾರಣ ಹುಡುಕುವುದು. ರೊನಾಲ್ಡ್ ನಾಕ್ಸ್ ಅನ್ನುವವರು 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಂದು ಪ್ರಬಂಧ ಓದಿ ಇದಕ್ಕೆ ಗಟ್ಟಿ ಅಡಿಪಾಯ ಹಾಕಿದರು. ಅದನ್ನು ಓದಿ ಡಾಯ್ಲ್ ಅವರಿಗೆ ಪತ್ರ ಬರೆದ. ನಗುವೂ ಬಂತು, ಆಶ್ಚರ್ಯವೂ ಆಯಿತು, ಇಂಥದ್ದಕ್ಕೆ ಇಷ್ಟು ಕಷ್ಟಪಡುವವರಿದ್ದಾರಾ, ಇದರ ಬಗ್ಗೆ ನನಗಿಂತ ನಿಮಗೇ ಜಾಸ್ತಿ ಗೊತ್ತಿದೆ ಅನ್ನುವ ಧಾಟಿಯಲ್ಲಿ. ಹಿಂದಿನ ಕಥೆಯಲ್ಲಿ ಏನು ಬರೆದಿದ್ದೆ ಅಂತ ತಿರುಗಿ ನೋಡದೆ ಅವನು ಮುಂದಿನದು ಬರೆದಿದ್ದು ನಿಜ.

ಯಾಕೆ ಹೀಗೆ? ಅವನಿಗೆ ಹೋಮ್ಸ್ ಅಂದರೆ ಅಂಥ ಗೌರವವೇ ಇರಲಿಲ್ಲ. ಸೌತ್‌ಸೀಯಲ್ಲಿ ಡಾಕ್ಟರಾಗಿ, ರೋಗಿಗಳು ಹೆಚ್ಚು ಬಾರದ ಕ್ಲಿನಿಕ್ಕಿನಲ್ಲಿ ಕೂತು 1886ರಲ್ಲಿ ಮೊದಲ ಹೋಮ್ಸ್ ಕಾದಂಬರಿ ಬರೆದ. ಪ್ರಕಾಶಕರು ಪೂರಾ ಹಕ್ಕಿಗೆ ಕೊಟ್ಟಿದ್ದು 25 ಪೌಂಡ್. ಅದು ಅಚ್ಚಾಗಿದ್ದು ಮರುವರ್ಷದ ಒಂದು ಕ್ರಿಸ್‌ಮಸ್ ಸಂಚಿಕೆಯಲ್ಲಿ. ಅವನ ಮನಸ್ಸೆಲ್ಲ ಇದ್ದಿದ್ದು ಐತಿಹಾಸಿಕ ಕಾದಂಬರಿಗಳಲ್ಲಿ. 'ದಿ ವೈಟ್ ಕಂಪನಿ' ಬರೆಯೋಕೆ ರಾಶಿ ಪುಸ್ತಕ ಓದಿ ತಯಾರಾದ. ಕೊನೇ ಸಾಲು ಬರೆದು ಮುಗಿದಾಗ ಖುಷಿ ತಡೆಯಲಾರದೆ ಕೂಗಿ ಪೆನ್ನು ಎಸೆದನಂತೆ, ಗೋಡೆಯ ಕಾಗದದ ಮೇಲೆ ಮಸಿ ಕಲೆ ಬಿತ್ತು ಅಂತ ತಾನೇ ಬರೆದುಕೊಂಡಿದ್ದಾನೆ. ಆ ಪುಸ್ತಕ ನಾನು ಎರಡು ಸಲ ಶುರು ಮಾಡಿ ಎರಡು ಸಲವೂ ಕೆಳಗಿಟ್ಟೆ. ಹೋಮ್ಸ್ ಕಥೆ ಮುಗಿಸಿ ಅವನು ಪೆನ್ನು ಎಸೆದಿದ್ದು ಎಲ್ಲೂ ಓದಿಲ್ಲ. ಸಾಕಪ್ಪಾ ಅಂತ ಕೆಳಗಿಟ್ಟಿರಬೇಕು.

1891ರ ಜುಲೈಯಿಂದ ಸ್ಟ್ರಾಂಡ್ ಪತ್ರಿಕೆಯಲ್ಲಿ ಸಣ್ಣಕಥೆಗಳು ಬರತೊಡಗಿದವು. ನಾಲ್ಕೇ ತಿಂಗಳಿಗೆ, ಇವನನ್ನು ಕೊಂದುಬಿಡೋಣ ಅಂತಿದ್ದೀನಿ ಅಂತ ಅಮ್ಮನಿಗೆ ಕಾಗದ ಬರೆದ. ಅಮ್ಮ ಖಡಾಖಂಡಿತ ಬೇಡ ಅಂದಳು, ಹೋಮ್ಸ್ ಉಳಿದ. ಮುಂದೆ ಸ್ಟ್ರಾಂಡ್‌ನವರು ಇನ್ನೂ ಹನ್ನೆರಡು ಕೇಳಿದಾಗ, ಇಷ್ಟು ಕೇಳಿದರೆ ಬಿಟ್ಟು ಹೋಗ್ತಾರೆ ಅಂತ ಲೆಕ್ಕ ಹಾಕಿ 1000 ಪೌಂಡ್ ಅಂದ. ಅವರು ತಕ್ಷಣ ಒಪ್ಪಿಬಿಟ್ಟರು! ಕೊನೆಗೆ 1893ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ರೈಶನ್‌ಬಾಖ್ ಜಲಪಾತಕ್ಕೆ ಹೋಮ್ಸನನ್ನು ತಳ್ಳಿ ಕೈತೊಳೆದುಕೊಂಡ. ಇಪ್ಪತ್ತು ಸಾವಿರ ಜನ ಸ್ಟ್ರಾಂಡ್ ಚಂದಾ ನಿಲ್ಲಿಸಿದರು ಅನ್ನುತ್ತಾರೆ. ಹತ್ತು ವರ್ಷ ಆದ ಮೇಲೆ, 1903ರಲ್ಲಿ, ಅವನೇ ಬದುಕಿಸಿದ. 1927ರವರೆಗೂ ಬರೆದ. ಒಟ್ಟು 56 ಕಥೆ, 4 ಕಾದಂಬರಿ. ಬೇಡ ಬೇಡ ಅಂತಲೇ ನಲವತ್ತು ವರ್ಷದ ಸಂಸಾರ.

ಒಮ್ಮೆ ಸಂಪಾದಕರೊಬ್ಬರು ಗಾಬರಿಯಿಂದ ಬರೆದರಂತೆ, ನೀವು ಹೇಳಿದ ಜಾಗದಲ್ಲಿ ಎರಡನೇ ರೈಲು ಹಳಿಯೇ ಇಲ್ಲವಲ್ಲ ಅಂತ. ಡಾಯ್ಲ್ ಉತ್ತರ: ನಾನು ಹಾಕಿಸ್ತೀನಿ! ಇದನ್ನು ಅವನ ಆತ್ಮಕಥೆಯಲ್ಲಿ ಓದಿದ ದಿನ ಅವನ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಹಾಗಂತ ಎಲ್ಲವನ್ನೂ ಕೈಬೀಸಿ ತಳ್ಳಿಹಾಕುವವನೂ ಅಲ್ಲ. 'ಪ್ರಯರಿ ಸ್ಕೂಲ್' ಕಥೆಯಲ್ಲಿ ಹೋಮ್ಸ್ ಕೆಸರಿನಲ್ಲಿ ಬಿದ್ದ ಸೈಕಲ್ ಗುರುತು ನೋಡಿ ಅದು ಯಾವ ಕಡೆಗೆ ಹೋಗಿದೆ ಅಂತ ಹೇಳುತ್ತಾನೆ. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಅದರ ಗುರುತು ಆಳ, ಅದು ಮುಂದಿನ ಚಕ್ರದ ಗುರುತನ್ನು ಅಳಿಸಿರುತ್ತೆ ಅನ್ನೋದು ಅವನ ತರ್ಕ. ಓದುಗರು ರಾಶಿ ಪತ್ರ ಬರೆದರು. ಡಾಯ್ಲ್ ಸೈಕಲ್ ತೆಗೆದುಕೊಂಡು ಹೊರಗೆ ಹೋಗಿ ತುಳಿದು ನೋಡಿದ. ಓದುಗರೇ ಸರಿ.

ನಾನೂ ನೋಡಿದೆ. ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ, ಮಳೆ ಹೊಳವಾದ ಒಂದು ಬೆಳಿಗ್ಗೆ, ತೋಟದ ದಾರಿಯ ಕೆಂಪು ಕೆಸರಿನಲ್ಲಿ ಅಣ್ಣನ ಮಗನ ಸೈಕಲ್ ಹೊಡೆದೆ. ಇಳಿದು ಬಂದು ಕುಕ್ಕರಗಾಲಲ್ಲಿ ಕೂತು ನೋಡಿದರೆ ಎರಡು ಗೆರೆ ಹಾವಿನ ಹಾಗೆ ಒಂದನ್ನೊಂದು ದಾಟಿಕೊಂಡು ಹೋಗಿವೆ. ಹಿಂದಿನ ಚಕ್ರ ಮುಂದಿನದರ ಮೇಲೆ ಹಾದಿರುವುದು ಚೆನ್ನಾಗಿ ಕಾಣುತ್ತದೆ. ಆದರೆ ನಾನು ತೋಟಕ್ಕೆ ಹೋದೆನೋ ಮನೆಗೆ ಬಂದೆನೋ ಅದರಿಂದ ಹೇಳೋಕೆ ಬರಲ್ಲ, ಯಾವ ಕಡೆ ಹೋದರೂ ಹಾದುಹೋಗುವುದು ಹಾಗೇ. ಡಾಯ್ಲ್ ಆಮೇಲೆ ಇನ್ನೊಂದು ಮಾತು ಸೇರಿಸಿದ್ದ: ಏರಿನಲ್ಲಿ ತುಳಿದರೆ ಗುರುತು ಆಳ, ಇಳಿಜಾರಿನಲ್ಲಿ ತೆಳು, ಹಾಗಾಗಿ ಏರುತಗ್ಗಿನ ಜಾಗದಲ್ಲಿ ಹೋಮ್ಸ್ ಹೇಳಿದ್ದೇ ಸರಿಯಾಗುತ್ತೆ. ದಣಪೆ ಹತ್ತಿರದ ಏರಿನಲ್ಲಿ ನೋಡಿದೆ. ನಿಜ ಕಣ್ರೀ, ಬೆರಳಿಟ್ಟರೆ ಗೊತ್ತಾಗುತ್ತೆ! ಅತ್ತಿಗೆ ಮಾತ್ರ ಪ್ಯಾಂಟಿನ ಕೆಸರು ನೋಡಿ ಏನೂ ಕೇಳಲಿಲ್ಲ, ಅಣ್ಣನ ಮುಖ ನೋಡಿದರು.

ಕೆಲವು ತಪ್ಪುಗಳಿಗೆ ನಗು ಬರಲ್ಲ. 'ದಿ ಸೈನ್ ಆಫ್ ಫೋರ್'ನಲ್ಲಿ ಆಗ್ರಾ ಕೋಟೆ ಕಾಯುವ ಇಬ್ಬರು ಸಿಖ್ ಸಿಪಾಯಿಗಳ ಹೆಸರು ಮಹಮ್ಮದ್ ಸಿಂಗ್, ಅಬ್ದುಲ್ಲಾ ಖಾನ್. ಇದನ್ನು ಹೋಗಲಿ ಅನ್ನಬಹುದು. ಅದೇ ಪುಸ್ತಕದಲ್ಲಿ ಅಂಡಮಾನಿನ ಜನರನ್ನು ನರಭಕ್ಷಕ ರಾಕ್ಷಸರ ಹಾಗೆ ಬರೆದಿರುವುದನ್ನು ಹಾಗೆ ಬಿಡೋಕೆ ಆಗಲ್ಲ. ಅದು ಮರೆವು ಅಲ್ಲ, ಆ ಕಾಲದ ಬಿಳಿಯರ ಕೊಬ್ಬು.

ಆದರೆ ಇದೇ ಮನುಷ್ಯ ಒಬ್ಬ ಭಾರತೀಯನ ಮಗನಿಗೋಸ್ಕರ ಸರ್ಕಾರದ ಜೊತೆ ಜಗಳಕ್ಕೆ ನಿಂತ. ಶಾಪುರ್ಜಿ ಎದಲ್ಜಿ ಮುಂಬಯಿ ಕಡೆಯ ಪಾರ್ಸಿ, ಕ್ರೈಸ್ತರಾಗಿ ಇಂಗ್ಲೆಂಡಿನ ಗ್ರೇಟ್ ವೈರ್ಲಿ ಅನ್ನುವ ಹಳ್ಳಿಯಲ್ಲಿ ಪಾದ್ರಿಯಾಗಿದ್ದವರು. ಮಗ ಜಾರ್ಜ್ ವಕೀಲ. 1903ರಲ್ಲಿ ಅಲ್ಲಿ ರಾತ್ರಿ ಹೊತ್ತು ಯಾರೋ ದನ, ಕುದುರೆಗಳ ಹೊಟ್ಟೆ ಸೀಳುತ್ತಿದ್ದರು. ಜಾರ್ಜ್ ಮೇಲೆ ಹೊರಿಸಿ ಏಳು ವರ್ಷ ಜೈಲು ಹಾಕಿದರು. ಮೂರು ವರ್ಷ ಆದ ಮೇಲೆ ಬಿಟ್ಟರು, ಕಳಂಕ ಹಾಗೇ ಉಳಿಯಿತು. ಡಾಯ್ಲ್ ಅವನನ್ನು ಲಂಡನ್ನಿನ ಒಂದು ಹೋಟೆಲ್ಲಿನಲ್ಲಿ ಭೇಟಿಯಾಗಬೇಕಿತ್ತು, ಹೋಗಿದ್ದು ತಡವಾಯಿತು. ಜಾರ್ಜ್ ಪೇಪರ್ ಓದುತ್ತಾ ಕೂತಿದ್ದ. ಪೇಪರನ್ನು ಕಣ್ಣಿಗೆ ಅಂಟಿಸಿಕೊಂಡ ಹಾಗೆ, ಸ್ವಲ್ಪ ಓರೆಯಾಗಿ ಹಿಡಿದಿದ್ದ. ಡಾಯ್ಲ್‌ಗೆ ಅಷ್ಟು ಸಾಕಾಯಿತು. ಈ ದೃಷ್ಟಿ ಇಟ್ಟುಕೊಂಡು ಕತ್ತಲಲ್ಲಿ ಹೊಲ, ಬೇಲಿ, ರೈಲು ಹಳಿ ದಾಟಿ ಹೋಗಿ ಕುದುರೆಗೆ ಚಾಕು ಹಾಕಿ ವಾಪಸ್ ಬರೋದಾ?

1891ರಲ್ಲಿ ಡಾಯ್ಲ್ ವಿಯೆನ್ನಾಕ್ಕೆ ಹೋಗಿ ಕಣ್ಣಿನ ವೈದ್ಯ ಕಲಿತು, ಲಂಡನ್ನಿನಲ್ಲಿ ಬೋರ್ಡು ಹಾಕಿ ಕೂತಿದ್ದ. ಒಬ್ಬನೇ ಒಬ್ಬ ರೋಗಿ ಒಳಗೆ ಬರಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಆ ಕಲಿಕೆ ಉಪಯೋಗಕ್ಕೆ ಬಂದಿದ್ದು ಇಲ್ಲಿ. 1907ರ ಜನವರಿಯಲ್ಲಿ ಡೈಲಿ ಟೆಲಿಗ್ರಾಫ್‌ನಲ್ಲಿ ಬರೆದ, ಮೇ ತಿಂಗಳಲ್ಲಿ ಜಾರ್ಜ್‌ಗೆ ಕ್ಷಮೆ ಸಿಕ್ಕಿತು. ಪರಿಹಾರ ಅಂತ ಒಂದು ಪೈಸೆ ಕೊಡಲಿಲ್ಲ. (ಇಷ್ಟು ಚುರುಕು ಕಣ್ಣಿನವನು 1920ರಲ್ಲಿ ಇಬ್ಬರು ಹುಡುಗಿಯರು ಕಾಗದ ಕತ್ತರಿಸಿ ಮಾಡಿದ ಯಕ್ಷಿಣಿಯರ ಫೋಟೋ ನೋಡಿ ನಿಜ ಅಂತ ನಂಬಿಬಿಟ್ಟ. ಅದು ನೋಟ್‌ಬುಕ್ಕಿನಲ್ಲಿ ಬೇರೆಯೇ ಪುಟ.)

ಅಜ್ಜಿಯ ಮೊದಲ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಮೂರನೆಯದಕ್ಕೆ ಅವಳೇ ಕೊಟ್ಟಳು. ಮಾರನೇ ರಾತ್ರಿ ಮತ್ತೆ ಅಡಿಕೆ ಸುಲಿಯೋಕೆ ಕೂತಾಗ ನಾನು ಮುನಿಸಿಕೊಂಡು ಕಥೆ ಹೇಳಲ್ಲ ಅಂದೆ. ಅವಳು ಕತ್ತಿ ಸರಿಮಾಡಿಕೊಂಡು, ಒಂದು ಗೊನೆ ಹತ್ತಿರ ಎಳೆದುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ಹಳೇ ತಿಜೋರಿ ಅಲ್ವೇನೋ, ತುಕ್ಕು ಹಿಡಿದು ಎಲ್ಲೋ ತೂತು ಬಿದ್ದಿರುತ್ತೆ ಬಿಡು. ಮುಂದೇನಾಯ್ತು ಹೇಳು."