‘ಬ್ರಿಂಗ್ ಫಾರ್ವರ್ಡ್’ ಎಂದರೆ ಮುಂದಕ್ಕೆ ಹಾಕುವುದಲ್ಲ

ಕಳೆದ ಮಳೆಗಾಲದಲ್ಲಿ, ನನ್ನ ಸಂಜೆಯ ಇಂಗ್ಲಿಷ್ ತರಗತಿಗೆ ಬರುವ ಬಿ.ಕಾಂ. ಹುಡುಗನೊಬ್ಬ ಶನಿವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅಂಕಪಟ್ಟಿಗಳ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಮಂಗಳೂರಿನ ಕಚೇರಿಯೊಂದಕ್ಕೆ ಸಂದರ್ಶನಕ್ಕೆಂದು ಹೋದ. ಸಂದರ್ಶನ ಮಂಗಳವಾರವೇ ಮುಗಿದಿತ್ತು. ಗುರುವಾರಕ್ಕೆ ನಿಗದಿಯಾಗಿದ್ದ ಅದನ್ನು ‘ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್’ ಎಂದಷ್ಟೇ ಇಮೇಲಿನಲ್ಲಿ ತಿಳಿಸಿದ್ದರು. ಹೊಸ ತಾರೀಕು ಬರೆದಿರಲಿಲ್ಲ. “ಟೀಚರ್, ಎರಡು ದಿನ ಮುಂದಕ್ಕೆ ಹಾಕಿದ್ದಾರೆ ಅಂತ ಅಲ್ವಾ ಇದರ ಅರ್ಥ?” ಎಂದು ಅವನು ಮೊಬೈಲ್ ತೋರಿಸಿದಾಗ ನನಗೆ ಬಹಳ ಸಂಕಟವಾಯಿತು, ಏಕೆಂದರೆ ಬಿಡಿ ಬಿಡಿ ಪದಗಳ ಅರ್ಥವನ್ನು ಅವನು ಸರಿಯಾಗಿಯೇ ಹಿಡಿದಿದ್ದ.

ನಿಗದಿಯಾದ ಸಮಯಕ್ಕಿಂತ ಮೊದಲೇ ನಡೆಸುವುದಕ್ಕೆ ಇಂಗ್ಲಿಷಿನವರು ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ. ನಮ್ಮಲ್ಲಾದರೋ ಜೋರು ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಸೂತಕ ಬಂದರೆ ಗೃಹಪ್ರವೇಶ ಮುಂದಕ್ಕೆ ಹೋಗುತ್ತದೆ, ಅಂದರೆ ತಡವಾಗುತ್ತದೆ. ವ್ಯತ್ಯಾಸದ ಕೀಲಿರುವುದು ಕ್ರಿಯಾಪದದಲ್ಲಿ. ನಾವು ದಿನವನ್ನು ‘ಹಾಕುತ್ತೇವೆ’, ‘ದೂಡುತ್ತೇವೆ’. ಅದು ನಮ್ಮಿಂದ ದೂರ ಸರಿಯುತ್ತದೆ. ‘ಬ್ರಿಂಗ್’ ಎಂದರೆ ತರುವುದು. ದೂರದಲ್ಲಿದ್ದ ದಿನವನ್ನು ಇವತ್ತಿನ ಹತ್ತಿರಕ್ಕೆ ತಂದಂತಾಗುತ್ತದೆ.

ಹಾಗೆಂದು ಇಂಗ್ಲಿಷೊಂದೇ ಹೀಗೆ ಎನ್ನುವಂತಿಲ್ಲ. ನಮ್ಮ ‘ಮುಂದಿನ ದಿನ’ ನಾಳೆಯ ಕಡೆಯದು, ‘ಮುನ್ನಾದಿನ’ ನಿನ್ನೆಯ ಕಡೆಯದು. ‘ಮುಂದೆ’, ‘ಮುಂಚೆ’, ‘ಮುನ್ನ’ ಇವೆಲ್ಲ ಒಂದೇ ಬೇರಿನವು. ಇಲ್ಲಿನ ಬಸ್ಸಿನಲ್ಲಿ ನಿರ್ವಾಹಕರು “ದುಂಬು ಪೋಲೆ” ಎಂದರೆ ಮುಂದೆ ಸರಿಯಬೇಕು, ಆದರೆ ಅದೇ ತುಳುವಿನಲ್ಲಿ ‘ದುಂಬುದ ಕಾಲ’ ಎಂದರೆ ಹಿಂದಿನ ಕಾಲ. ಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ ಆಡುವ ಮಕ್ಕಳು ಇದನ್ನು ಒಮ್ಮೆಯೂ ತಪ್ಪದೆ ನಿಭಾಯಿಸುತ್ತಾರೆ ಎಂಬುದನ್ನು ತರಗತಿಯಲ್ಲಿ ಹೇಳಿದರೆ ಅವರ ಅರ್ಧ ಅಂಜಿಕೆ ಹೋಗುತ್ತದೆ.

ವಾಣಿಜ್ಯ ಓದುವವರಿಗೆ ಇನ್ನೊಂದು ತೊಡಕಿದೆ. ಲೆಕ್ಕದ ಪುಸ್ತಕದಲ್ಲಿ ಹಿಂದಿನ ಪುಟದ ಮೊತ್ತವನ್ನು ಈ ಪುಟದ ತಲೆಯಲ್ಲಿ ‘ಬ್ರಾಟ್ ಫಾರ್ವರ್ಡ್’ ಎಂದು ಬರೆಯುತ್ತಾರೆ. ಅಲ್ಲಿ ಮೊತ್ತ ಬರುವುದು ಹಳೆಯ ಪುಟದಿಂದ ಹೊಸ ಪುಟಕ್ಕೆ. ದಿನಾಂಕದ ಮಾತಿಗೆ ಬಂದಾಗ ಇದನ್ನು ಮನಸ್ಸಿನಿಂದ ಬದಿಗಿಡಬೇಕು.

‘ಮೂವ್ ಫಾರ್ವರ್ಡ್’ ಎಂಬುದನ್ನು ಮಾತ್ರ ನಾನು ಬಳಸಗೊಡುವುದಿಲ್ಲ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದರೆ ಅದು ಯಾವ ದಿನ ನಡೆಯುತ್ತದೆ ಎಂದು ಮನಶ್ಶಾಸ್ತ್ರಜ್ಞರು ಇಂಗ್ಲಿಷ್ ಮಾತಿನವರನ್ನೇ ಕೇಳಿದಾಗ ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ‘ಪ್ರಿಪೋನ್’ ನಮ್ಮ ದೇಶದಲ್ಲೆಲ್ಲ ಅರ್ಥವಾಗುವ ಒಳ್ಳೆಯ ಪದ, ಆದರೆ ಹೊರದೇಶದವರ ಪತ್ರದಲ್ಲಿ ಅದು ಸಿಗುವುದು ಅಪರೂಪ.

ವಾಕ್ಯದಲ್ಲಿ ಬಳಸುವಾಗ ‘ದೇ ಬ್ರಾಟ್ ದಿ ಮೀಟಿಂಗ್ ಫಾರ್ವರ್ಡ್’, ‘ದೇ ಬ್ರಾಟ್ ಫಾರ್ವರ್ಡ್ ದಿ ಮೀಟಿಂಗ್’ ಎರಡೂ ಸರಿ. ಆದರೆ ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು, ‘ಬ್ರಾಟ್ ಇಟ್ ಫಾರ್ವರ್ಡ್’ ಎಂದೇ ಆಗಬೇಕು. ತಡಮಾಡುವುದಕ್ಕೆ ‘ಪುಟ್ ಆಫ್’ ಇದೆ, ಇದರ ಬೆನ್ನಿಗೆ ಕ್ರಿಯಾಪದ ಬರುವುದಾದರೆ ‘ಪುಟ್ ಆಫ್ ಗೋಯಿಂಗ್’ ಎನ್ನಬೇಕೇ ಹೊರತು ‘ಪುಟ್ ಆಫ್ ಟು ಗೋ’ ಎನ್ನಬಾರದು. ‘ಪುಟ್ ಬ್ಯಾಕ್’ ಎಂದರೂ ಸಭೆ ತಡವಾಗುತ್ತದೆ, ನಮ್ಮ ಕಿವಿಗೆ ಅದು ಹಿಂದಕ್ಕೆ ಹೋದಂತೆ ಕೇಳಿಸಿದರೂ.

ಆ ಹುಡುಗ ಕಚೇರಿಯವರಿಗೆ ನಡೆದದ್ದನ್ನು ವಿವರಿಸಿ ಪತ್ರ ಬರೆದ, ಉತ್ತರ ಬರಲಿಲ್ಲ. ಈಗ ಅಂಥ ಇಮೇಲ್ ಬಂದ ಕೂಡಲೇ ‘ಕುಡ್ ಯು ಪ್ಲೀಸ್ ಕನ್ಫರ್ಮ್ ದಿ ನ್ಯೂ ಡೇಟ್’ ಎಂಬ ಒಂದು ಸಾಲನ್ನು ಮರಳಿ ಕಳುಹಿಸುವುದನ್ನು ನಾನು ಮೊದಲ ವಾರವೇ ಕಲಿಸುತ್ತೇನೆ.